ಎಂಟರ ಕಾಸರಗೋಡು, ಹತ್ತರ ಕಾಸರಗೋಡು

ಸಿಕ್ಕಿತು ಮಾರಾಯ್ರೆ! ಮೂರು ವಾರ ಕಾಡಿದ ದೋಷ ನಿನ್ನೆ ರಾತ್ರಿ ಕೈಗೆ ಸಿಕ್ಕಿತು.

ನಮ್ಮೂರ ವಾಚನಾಲಯದ ಪುಸ್ತಕ ಪಟ್ಟಿಯ ಸಾಫ್ಟ್‌ವೇರ್ ವಿಷಯ ಇದು. ಬದಿಯಡ್ಕ ಅಂತ ಊರಿನ ಹೆಸರು ಹಾಕಿ ಹುಡುಕಿದರೆ ಅದರ ಎಲ್ಲ ಪುಸ್ತಕವೂ ಬರುತ್ತದೆ. ಕಾಸರಗೋಡು ಅಂದರೆ ಅರ್ಧ ಮಾತ್ರ. ನೀರ್ಚಾಲಿಗೂ ಅದೇ ಗತಿ. ಕಾಗುಣಿತ ನೋಡಿದರೆ ಎಲ್ಲ ಸರಿಯಾಗಿಯೇ ಇದೆ. "ಮಂಜೇಶ್ವರದ ಗೋವಿಂದ ಪೈಗಳ ಹೆಸರೇ ಸಿಗದ ಕಂಪ್ಯೂಟರ್ ನಮಗೆ ಯಾಕೆ?" ಅಂತ ಮಾಷ್ಟ್ರು ಕೇಳಿದರು. ಆ ಮಾತು ಮನಸ್ಸಿಗೆ ನಾಟಿತು.

ಈ ಕೋಡ್ ಮೂವರು ಗುತ್ತಿಗೆ ಹುಡುಗರ ಕೈ ದಾಟಿ ಬಂದದ್ದು. ಮೂರನೆಯವನು ಇದನ್ನು ಸರಿಮಾಡಿದ್ದೇನೆ ಅಂತ ಹಣವನ್ನೂ ತೆಗೆದುಕೊಂಡಿದ್ದ. ಏನು ಮಾಡಿದ್ದ ಗೊತ್ತಾ? ಮಂಜೇಶ್ವರ ಅಂತ ಕೇಳಿದರೆ ಬರೀ 'ಮಂಜ' ಅಂತ ಹುಡುಕುವ ಹಾಗೆ ಒಂದು ಸಾಲು ಸೇರಿಸಿದ್ದ. ಮಂಜೇಶ್ವರ ಬಂತು, ಅದರ ಹಿಂದೆ ಮಂಜುನಾಥನೂ ಬಂದ!

ನಿನ್ನೆ ಎರಡು 'ಕಾಸರಗೋಡು'ಗಳನ್ನು ತೆಗೆದು ಒಳಗೆ ಎಷ್ಟು ಸಂಕೇತ ಇವೆ ಅಂತ ಎಣಿಸಿದೆ. ಒಂದು ಎಂಟು, ಇನ್ನೊಂದು ಹತ್ತು. ಹಳೆಯ ಪಟ್ಟಿ ನುಡಿ ಅನ್ನುವ ಹಳೆಯ ಕನ್ನಡ ಫಾಂಟಿನಲ್ಲಿತ್ತು. ಅದರಲ್ಲಿ 'ಗೋ' ಬರೆಯಲು ಎತ್ವ, ಕೊಂಬು, ದೀರ್ಘ ಬೇರೆ ಬೇರೆ ತುಂಡು. ಮೊದಲನೆಯ ಹುಡುಗನ ಪರಿವರ್ತಕ ಆ ತುಂಡುಗಳನ್ನು ಹಾಗೇ ಯೂನಿಕೋಡಿಗೆ, ಅಂದರೆ ಈಗ ಕಂಪ್ಯೂಟರುಗಳು ಬಳಸುವ ಅಕ್ಷರ ಸಂಕೇತಗಳಿಗೆ, ಸಾಗಿಸಿದೆ. ಈಗ ಕೀಬೋರ್ಡಿನಲ್ಲಿ ಒತ್ತಿದರೆ ಬರುವುದು ಒಂದೇ ಚಿಹ್ನೆ. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ. ನೀ, ಜೇ, ಪೈ ಎಲ್ಲದರ ಕಥೆಯೂ ಇದೇ. ಬದಿಯಡ್ಕದಲ್ಲಿ ಅಂಥ ಅಕ್ಷರ ಒಂದೂ ಇಲ್ಲ, ಅದಕ್ಕೇ ಅದು ಬಚಾವು.

ಮದ್ದು ಕೋಡ್ ಬರೆದ ಭಾಷೆ ಪೈಥಾನ್‌ನಲ್ಲೇ ಇತ್ತು. ಉಳಿಸುವಾಗ ಒಮ್ಮೆ, ಹುಡುಕುವಾಗ ಒಮ್ಮೆ ಎನ್‌ಎಫ್‌ಸಿ ರೂಪಕ್ಕೆ (ತುಂಡುಗಳನ್ನು ಕೂಡಿಸಿ ಒಂದೇ ಚಿಹ್ನೆ ಮಾಡುವ ಯೂನಿಕೋಡ್ ರೂಪ) ತಂದರೆ ಆಯಿತು. ಎರಡೇ ಸಾಲು. ಮಂಜುನಾಥನ ಸಾಲು ಕಿತ್ತು ಹಾಕಿದೆ. ಈ ಊರುಗಳ ಹೆಸರನ್ನೆಲ್ಲ ಮತ್ತೆ ಕೆಟ್ಟಿದೆಯಾ ಅಂತ ಪರೀಕ್ಷಿಸುವ ಟೆಸ್ಟ್ ಫೈಲಿಗೆ ಸೇರಿಸಿದೆ.

ಹುಡುಗರನ್ನು ಮಾತ್ರ ದೂರಲಾರೆ. ಪಟ್ಟಿ ನುಡಿಯಿಂದ ಬಂದದ್ದು ಅಂತ ಒಂದು ಸಾಲು ಬರೆದಿಡು ಅಂತ ನಾವೂ ಕೇಳಿರಲಿಲ್ಲ. ಕೋಡ್ ಒಬ್ಬನ ಲ್ಯಾಪ್‌ಟಾಪಿನಲ್ಲಿ, ಪಾಸ್‌ವರ್ಡ್ ಇನ್ನೊಬ್ಬನ ಫೋನಿನಲ್ಲಿ ಇತ್ತು. ಈಗ ಬಂದಿರುವ ಹುಡುಗನಿಗೆ ಮೊದಲೇ ಹೇಳಿದ್ದೇನೆ. ಗಿಟ್ ರೆಪೊ (ಕೋಡನ್ನೂ ಅದರ ಪ್ರತಿ ಬದಲಾವಣೆಯನ್ನೂ ಇಡುವ ಜಾಗ) ವಾಚನಾಲಯದ ಖಾತೆಯಲ್ಲೇ ಇರಬೇಕು. ಏನು ಬದಲಾಯಿತು ಅನ್ನುವುದು ಗಿಟ್‌ನಲ್ಲಿ ಕಾಣುತ್ತದೆ, ಯಾಕೆ ಅನ್ನುವುದನ್ನು ಅವನೇ ಬರೆಯಬೇಕು. ಅವನು ಬರೆದಿಟ್ಟದ್ದನ್ನು ಓದಿ ಬೇರೊಬ್ಬರು ಖಾಲಿ ಕಂಪ್ಯೂಟರಿನಲ್ಲಿ ಇದನ್ನು ನಡೆಸಬೇಕು, ಅವನಿಗೆ ಒಂದು ಫೋನೂ ಮಾಡದೆ. ಆಮೇಲೆ ಕೊನೆಯ ಕಂತು.

"ಅಣ್ಣಾ, ಅದಕ್ಕೆ ಎರಡು ದಿನ ಜಾಸ್ತಿ ಬೇಕಲ್ವಾ?" ಅಂದ.

ಆ ಎರಡು ದಿನಕ್ಕೂ ಹಣ ಕೊಡುತ್ತೇನೆ ಅಂದೆ.

ಮುಂದಿನ ಕೆಲಸ ಮಲಯಾಳ ಪುಸ್ತಕಗಳದ್ದು. ಒಂದು ಕಪಾಟು ತುಂಬ ಇವೆ. ಅಲ್ಲಿ ಚಿಲ್ಲಕ್ಷರಗಳ, ಅಂದರೆ ಸ್ವರವಿಲ್ಲದ ವ್ಯಂಜನಕ್ಕೆ ಇರುವ ವಿಶೇಷ ಅಕ್ಷರಗಳ, ತಲೆನೋವು. 2008ರ ಯೂನಿಕೋಡ್ 5.1 ಅವಕ್ಕೆ ಸ್ವಂತ ಸಂಕೇತ ಕೊಟ್ಟಿತು. ಅದಕ್ಕೂ ಹಳೆಯ ಬರಹದಲ್ಲಿ ಅವು ಜೋಡಿಸಿ ಮಾಡಿದವು. ಈ ಎರಡನ್ನು ಎನ್‌ಎಫ್‌ಸಿ ಒಂದು ಮಾಡುವುದಿಲ್ಲ, ನಾವೇ ಹೊಂದಿಸಬೇಕು. ಟೆಸ್ಟಿಗೆ ಮೊದಲ ಹೆಸರು ಆಗಲೇ ಸಿಕ್ಕಿದೆ. ಮಲಯಾಳದವರು 'ಕಾಸರ್‌ಗೋಡ್' ಅಂತ ಬರೆದರೆ ಆ 'ರ್' ಒಂದು ಚಿಲ್ಲು, ಪಕ್ಕದಲ್ಲೇ ನಮ್ಮ ಹಳೆಯ ಗೆಳೆಯ 'ಗೋ'.