ಕೆರೆ ಏರಿಯ ಹಕ್ಕಿ ಲೆಕ್ಕ: ಹನ್ನೆರಡು ತಿಂಗಳು ಮುಗಿದಾಗ

ಜಾಗ: ಶಿವಮೊಗ್ಗ–ತೀರ್ಥಹಳ್ಳಿ ನಡುವಿನ ಒಂದು ಕೆರೆ, ಕೆಳಗಿನ ಗದ್ದೆ ಬಯಲು, ಪಕ್ಕದ ಅಡಿಕೆ ತೋಟ. ಜೂನ್‌ನಿಂದ ಮೇವರೆಗೆ ವಾರಕ್ಕೊಂದು ಸುತ್ತು. ಬೆಳಿಗ್ಗೆ 6.30ಕ್ಕೆ ತೂಬಿನಿಂದ ಹೊರಟು ಏರಿ ಮೇಲೆ ಕೋಡಿವರೆಗೆ, ಅಲ್ಲಿಂದ ಗದ್ದೆ ಬದುವಿನ ಮೇಲೆ ವಾಪಸ್. ಆರು ಕಡೆ ನಿಲುಗಡೆ, ಒಂದೊಂದಕ್ಕೂ 10 ನಿಮಿಷ. ಏನೂ ಕಾಣದಿದ್ದರೂ ಅಷ್ಟು ಹೊತ್ತು ನಿಲ್ಲಲೇಬೇಕು, ಸೊನ್ನೆಯೂ ಲೆಕ್ಕವೇ.

ಕರಾವಳಿಯವರು ಭರತ–ಇಳಿತ ನೋಡಿ ಹೊರಡುತ್ತಾರೆ. ಇಲ್ಲಿ ನೋಡಬೇಕಾದದ್ದು ಕೆರೆಯ ನೀರಿನ ಮಟ್ಟ. ಮೊದಲ ನಾಲ್ಕು ತಿಂಗಳು ಅದನ್ನೇ ಬರೆದಿಡಲಿಲ್ಲ. ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಸ್ಯಾಂಡ್‌ಪೈಪರ್‌ಗಳು (ಕೆಸರಂಚಿನಲ್ಲಿ ಮೇಯುವ ಸಣ್ಣ ವಲಸೆ ಹಕ್ಕಿಗಳು) ಉತ್ತರದಿಂದ ಇಳಿಯುವ ಹೊತ್ತಿಗೆ ಕೆರೆ ಕೋಡಿ ಬಿದ್ದಿರುತ್ತದೆ, ಕಾಲೂರಲು ಕೆಸರಂಚೇ ಇರುವುದಿಲ್ಲ. ಪಟ್ಟಿಯಲ್ಲಿ ಸೊನ್ನೆ ಬಿದ್ದ ಮಾತ್ರಕ್ಕೆ ಅವು ಬಂದಿಲ್ಲ ಎಂದಲ್ಲ. ಹಳ್ಳದ ದಡ, ಗದ್ದೆ ಕಾಲುವೆಗಳಲ್ಲಿ ಹುಡುಕಬೇಕು. ಫೆಬ್ರುವರಿಯಲ್ಲಿ ನೀರಿಳಿದು ಕೆಸರು ತೆರೆದಾಗ ಕೆರೆಯಲ್ಲೇ ಕಾಣುತ್ತವೆ. ಮಟ್ಟ ಗೊತ್ತಿಲ್ಲದಿದ್ದರೆ ಅವನ್ನು ಹೊಸದಾಗಿ ಬಂದವೆಂದೇ ಬರೆದುಬಿಡುತ್ತೇವೆ. ಅಕ್ಟೋಬರ್‌ನಿಂದ ನೀರಿನ ಮೇಲಿರುವ ಮೆಟ್ಟಿಲು ಎಣಿಸಿ ಬರೆದೆವು. ಮೇ ತಿಂಗಳಲ್ಲಿ ತೂಬಿನ ಕಲ್ಲು ಒಣಗಿದ ಮೇಲೆ 10 ಸೆಂ.ಮೀ.ಗೊಂದರಂತೆ ಬಿಳಿ ಆಯಿಲ್ ಪೇಂಟ್ ಗೆರೆ ಎಳೆದಾಗಿದೆ. ಏರಿಯಿಂದ ಬೈನಾಕ್ಯುಲರ್‌ನಲ್ಲೇ ಓದಬಹುದು.

ಹೆಸರು ತಪ್ಪಿದ್ದು ಹೆಚ್ಚಾಗಿ ಬೆಳ್ಳಕ್ಕಿಗಳಲ್ಲಿ. ಕೊಕ್ಕಿನ ಬಣ್ಣ ನಂಬಬೇಡಿ, ಮರಿ ಮಾಡುವ ಕಾಲಕ್ಕೆ ಹಳದಿ ಕೊಕ್ಕು ಕಪ್ಪಾಗುತ್ತದೆ. ಬಾಯಿಯ ಗೆರೆ ಕಣ್ಣು ದಾಟಿ ಹಿಂದೆ ಹೋಗಿದ್ದರೆ ದೊಡ್ಡ ಬೆಳ್ಳಕ್ಕಿ, ಕಣ್ಣಿನ ಕೆಳಗೇ ನಿಂತಿದ್ದರೆ ಮಧ್ಯಮ. ಉದ್ದಬಾಲದ ದೇವನಕ್ಕಿಗೆ (ಜಕಾನ) ಆ ಬಾಲ ಇರುವುದು ಮರಿ ಮಾಡುವ ಕಾಲದಲ್ಲಿ ಮಾತ್ರ. ಚಳಿಗಾಲದ ಮಂಕು ಕಂದು ಹಕ್ಕಿಯನ್ನು ಬೇರೆ ಜಾತಿ ಎಂದು ಸೇರಿಸಿದ್ದನ್ನು ಆಮೇಲೆ ಹೊಡೆದುಹಾಕಬೇಕಾಯಿತು.

ಮಳೆಗಾಲದಲ್ಲಿ ಮಂಡಗದ್ದೆಯ ತುಂಗಾ ನಡುಗಡ್ಡೆಯಲ್ಲಿ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿ ಗೂಡು ಕಟ್ಟುತ್ತವೆ. ಕೆರೆ ಮೇಲೆ ಹಾದುಹೋಗುವವೂ ಅಲ್ಲಿಯವೇ ಎಂದು ಬರೆಯಲು ಕೈ ತುರಿಸುತ್ತದೆ. ಕಾಲಿಗೆ ಗುರುತಿನ ಉಂಗುರವಿಲ್ಲದ ಹಕ್ಕಿಯ ಊರು ಹೇಳುವುದು ಹೇಗೆ? ದಿಕ್ಕು, ಸಮಯ, ಸಂಖ್ಯೆ ಅಷ್ಟೇ ಬರೆದಿದ್ದೇವೆ.

ಸಲಕರಣೆ 8x42 ಬೈನಾಕ್ಯುಲರ್ (8 ಪಟ್ಟು ಹಿಗ್ಗಿಸುವ, 42 ಮಿ.ಮೀ. ಮುಂದಿನ ಲೆನ್ಸಿನದು), ಪೆನ್ಸಿಲ್ (ಒದ್ದೆ ಕಾಗದದ ಮೇಲೆ ಬಾಲ್‌ಪೆನ್ ಓಡುವುದಿಲ್ಲ), ಉಂಬಳದ (ಜಿಗಣೆ) ಕಾಟಕ್ಕೆ ಮೊಣಕಾಲುದ್ದದ ದಪ್ಪ ಬಟ್ಟೆಯ ಕಾಲುಚೀಲ. ಜುಲೈಯಲ್ಲಿ ಬೈನಾಕ್ಯುಲರನ್ನು ಒದ್ದೆಯಾಗಿಯೇ ಅದರ ಚೀಲಕ್ಕೆ ಹಾಕಿಟ್ಟರೆ ಲೆನ್ಸಿಗೆ ಬೂಷ್ಟು ಖಚಿತ. ಒರೆಸಿ, ಫ್ಯಾನ್ ಕೆಳಗೆ ಆರಿಸಿ, ಸಿಲಿಕಾ ಜೆಲ್ ಹಾಕಿದ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ.

ಡಿಸೆಂಬರ್–ಜನವರಿಯಲ್ಲಿ ಮಂಜು ಹರಿಯುವುದು ತಡ. ಅದಕ್ಕಾಗಿ ಹೊರಡುವ ಸಮಯ ಬದಲಿಸಿದರೆ ಉಳಿದ ತಿಂಗಳ ಜೊತೆ ಹೋಲಿಸಲು ಬರುವುದಿಲ್ಲ. ಸಮಯ ಹಾಗೇ ಇಟ್ಟು, ಆಚೆ ದಡ ಕಂಡಿತೇ ಇಲ್ಲವೇ ಎಂದು ಪ್ರತಿ ನಿಲುಗಡೆಯಲ್ಲೂ ಗುರುತು ಹಾಕಿದೆವು.

ಈ ಜೂನ್‌ನಿಂದ ಪುಸ್ತಕದ ಮೊದಲ ಕಾಲಂ ನೀರಿನ ಮಟ್ಟದ್ದು. ಜೊತೆಗೆ ತಿಂಗಳಿಗೊಮ್ಮೆ ಸಂಜೆ 5.30ರಿಂದ ಕತ್ತಲಾಗುವವರೆಗೆ ಬಿದಿರುಮೆಳೆಗೆ ಮಲಗಲು ಬರುವ ಬೆಳ್ಳಕ್ಕಿ ಎಣಿಕೆ: ಇಬ್ಬರು, ಒಬ್ಬೊಬ್ಬರಿಗೆ ಒಂದೊಂದು ದಿಕ್ಕು.