ಊದಬೇಡ ಮಗಾ

ಈ ವಾರ ಮಳೆ ಬಿಟ್ಟಿಲ್ಲ, ಕರೆಂಟೂ ಇಲ್ಲ. ಪಕ್ಕದ ತೋಟದ ಮನೆಯ ಹುಡುಗ ಅಟ್ಟದ ಡಬ್ಬಿಯಲ್ಲಿ ಸಿಕ್ಕ ಚಿಕ್ಕಪ್ಪನ ಗೇಮ್ ಬಾಯ್ ಅಡ್ವಾನ್ಸ್, ಅಂದರೆ ಕೈಯಲ್ಲಿ ಹಿಡಿದು ಆಡುವ ಹಳೆಯ ವಿಡಿಯೊ ಗೇಮ್ ಯಂತ್ರ, ಹಿಡಿದುಕೊಂಡು ಬಂದ. ಜೊತೆಗೆ 2002ರ ಸ್ಪೈಡರ್‌ಮ್ಯಾನ್ ಸಿನಿಮಾದ ಆಟ, ಡಿಜಿಟಲ್ ಎಕ್ಲಿಪ್ಸ್‌ನವರು ಮಾಡಿದ್ದು. ಮಡಿಕೇರಿಯ ಅಂಗಡಿಯವರೊಬ್ಬರು "ಸತ್ತೋಗಿದೆ, ಬಿಸಾಡು" ಅಂದರಂತೆ. ಸೆಲ್ ಹಾಕಿಯೂ ನೋಡದೆ ಹೇಳುವ ಮಾತೇ ಅದು?

ಹುಡುಗ ಯಂತ್ರದಿಂದ ಆಟದ ಕ್ಯಾಸೆಟ್ ಎಳೆದು, ಕೆನ್ನೆ ಉಬ್ಬಿಸಿ ಫೂ ಅಂತ ಊದಿದ.

"ಊದಬೇಡ ಮಗಾ."

"ಚಿಕ್ಕಪ್ಪ ಹೀಗೇ ಮಾಡ್ತಿದ್ರಂತೆ ಅಂಕಲ್."

ಮತ್ತೊಮ್ಮೆ ಊದಿದ. ಆ ಉಬ್ಬಿದ ಕೆನ್ನೆ ಇನ್ನೂ ಕಣ್ಣ ಮುಂದಿದೆ. ಊದಿದ ಮೇಲೆ ಒಮ್ಮೊಮ್ಮೆ ಆಟ ಶುರುವಾಗುವುದು ನಿಜ. ಆದರೆ ಕೆಲಸ ಮಾಡಿದ್ದು ತೆಗೆದು ಹಾಕುವಾಗಿನ ಉಜ್ಜಾಟ. ಉಸಿರಿನ ತೇವ ಕ್ಯಾಸೆಟ್ ಅಂಚಿನ ಲೋಹದ ಪಟ್ಟಿಗಳ, ಅಂದರೆ ಪಿನ್ನುಗಳ ಮೇಲೆ ಉಳಿದು ಕಿಲುಬು ಹಿಡಿಸುತ್ತದೆ. ಮಳೆಗಾಲದಲ್ಲಿ ಚಪ್ಪಲಿಗೂ ಬೂಷ್ಟು ಬರುವ ಕೊಡಗಿನಲ್ಲಿ ತೇವಕ್ಕೇನು ಬರವೇ?

ಮೊದಲು ಸೆಲ್ ಮನೆ. ಹಳೆಯ ಆಲ್ಕಲೈನ್ ಸೆಲ್ ಸೋರಿ ಸ್ಪ್ರಿಂಗ್ ಮೇಲೆ ಬಿಳಿ ಪುಡಿ ಕಟ್ಟಿತ್ತು. ಅದು ಕ್ಷಾರ, ಹಾಗಾಗಿ ಹತ್ತಿಕಡ್ಡಿಗೆ ಒಂದೆರಡು ಹನಿ ವಿನೆಗರ್ ಹಾಕಿ ಒರೆಸಬೇಕು. ಆಮೇಲೆ ಬೇಗ ಆರಿಹೋಗುವ ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಬೇಕು. ಎರಡು ಹೊಸ ಎಎ ಸೆಲ್ ಹಾಕಿದೆ. ಪರದೆಯಲ್ಲಿ 'ಗೇಮ್ ಬಾಯ್' ಬಂತು, ಕೆಳಗೆ ತಯಾರಕರ ಹೆಸರು 'ನಿಂಟೆಂಡೊ' ಬರಲಿಲ್ಲ. ಹಾಗೆ ನಿಂತರೆ ಯಂತ್ರಕ್ಕೆ ಜೀವ ಇದೆ, ಕ್ಯಾಸೆಟ್ ಓದಲಾಗುತ್ತಿಲ್ಲ ಅಂತ ಅರ್ಥ.

ಕ್ಯಾಸೆಟ್‌ನಲ್ಲಿ 32 ಪಿನ್. 99% ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಕಡ್ಡಿಯನ್ನು ಪಿನ್ನಿನ ಉದ್ದಕ್ಕೇ ಎಳೆಯಬೇಕು. ಅಡ್ಡ ಉಜ್ಜಿದರೆ ಕೊಳೆ ಪಿನ್ನುಗಳ ಸಂದಿಯಲ್ಲಿ ಕೂರುತ್ತದೆ. ಸ್ಯಾನಿಟೈಸರ್ ಬೇಡ, ಅದರಲ್ಲಿ ನೀರೂ ಗ್ಲಿಸರಿನ್ನೂ ಇರುತ್ತದೆ. ಮೂರು ಕಡ್ಡಿ ಕಪ್ಪಾದವು, ನಾಲ್ಕನೆಯದು ಬೆಳ್ಳಗೆ ಬಂತು. ಹತ್ತು ನಿಮಿಷ ಆರಲು ಬಿಟ್ಟು ಹಾಕಿದೆ.

'ನಿಂಟೆಂಡೊ' ಬಂತು. ಹುಡುಗ ಉಸಿರೇ ಬಿಡಲಿಲ್ಲ.

ಇಲ್ಲಿ ಮುಚ್ಚಿಟ್ಟದ್ದೇ ಮೊದಲು ಕೆಡುತ್ತದೆ. ಮಕ್ಕಳು ಬೆಂಗಳೂರು ಸೇರಿದ ಮೇಲೆ ಬೀಗ ಹಾಕಿದ ಮನೆಗಳಲ್ಲಿ ಎರಡು ಮಳೆಗಾಲಕ್ಕೆ ಬೀಗವೇ ಕಚ್ಚಿಕೊಂಡಿರುತ್ತದೆ. ವರ್ಷಕ್ಕೊಮ್ಮೆ ಬಂದು ಕಿಟಕಿ ತೆರೆದರೂ ಸಾಕಿತ್ತು. ಆ ಚಿಕ್ಕಪ್ಪ ಸೆಲ್ ತೆಗೆದಿಟ್ಟು, ಡಬ್ಬಿಗೆ ತೇವ ಹೀರುವ ಒಂದು ಸಿಲಿಕಾ ಜೆಲ್ ಪೊಟ್ಟಣ ಹಾಕಿದ್ದರೆ ಈ ಪಾಡೇ ಇರುತ್ತಿರಲಿಲ್ಲ.

ಈ ಮಾದರಿಯ ಪರದೆಗೆ ಒಳಗೆ ಬೆಳಕಿಲ್ಲ. ಹುಡುಗ ಜಗಲಿಯ ಅಂಚಿಗೆ ಹೋಗಿ, ಮೋಡದ ಬೆಳಕಿಗೆ ಅದನ್ನು ವಾಲಿಸಿ ಹಿಡಿದು ಸ್ಪೈಡರ್‌ಮ್ಯಾನ್‌ನನ್ನು ಗೋಡೆ ಹತ್ತಿಸತೊಡಗಿದ. ಮಳೆಯ ಎರಚಲು ಬರುತ್ತಿತ್ತು. ಕುರ್ಚಿ ಎಳೆದು ಒಳಗೆ ಕೂರಿಸಿದೆ.