ಯಾವಾಗ ನಡುಗುತ್ತೆ ಸಾರ್?

"ಯಾವಾಗ ನಡುಗುತ್ತೆ ಸಾರ್?" ಈ ವಾರವೆಲ್ಲಾ ಇದೇ ಮಾತು ನನ್ನ ತಲೆಯಲ್ಲಿದೆ. ಕೇಳಿದವರು ಎಪ್ಪತ್ತು ದಾಟಿದ ಮೆಕ್ಯಾನಿಕ್ ಒಬ್ಬರು. ಆಗಿನ್ನೂ ಅವರು ಬಾನೆಟ್ ಎತ್ತಿರಲಿಲ್ಲ.

ಗಾಡಿ ಅಪ್ಪನದು. 1986ರ ಅಂಬಾಸಿಡರ್, ಮಾರ್ಕ್ 4. ಇಸುಜು ಇಂಜಿನ್ ಬರುವ ಮುಂಚಿನದು, ಹಳೇ 1489 ಸಿಸಿ ಪೆಟ್ರೋಲ್. ಮೊದಲು ತೋರಿಸಿದ ಗ್ಯಾರೇಜಿನಲ್ಲಿ "ಮಿಸ್ಸಿಂಗ್ ಹೊಡೀತಿದೆ" ಅಂದರು. ಅಂದರೆ ಯಾವುದೋ ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ. ಅದು ನಿಜವೇ. ಆಮೇಲೆ ಪ್ಲಗ್ ಬದಲಾಯಿಸಿದರು, ಪಾಯಿಂಟ್ ಬದಲಾಯಿಸಿದರು, ಕಂಡೆನ್ಸರ್ ಹಾಕಿದರು, ಕೊನೆಗೆ ಕಾರ್ಬುರೇಟರ್ ಬಿಚ್ಚಿ ಹೊಸ ಕಿಟ್ ಕೂರಿಸಿದರು. ಬಿಲ್ ಬೆಳೆಯಿತು, ನಡುಕ ಹಾಗೇ ಉಳಿಯಿತು. ಕೆಟ್ಟವರಲ್ಲ ಅವರು, ಮೈಮುರಿದು ದುಡಿಯುವ ಹುಡುಗರು. ಆದರೆ ಒಬ್ಬರೂ ನನ್ನನ್ನು ಏನೂ ಕೇಳಲಿಲ್ಲ. ದಿನಾ ಆ ಸೀಟಿನಲ್ಲಿ ಕೂರುವವನು ನಾನು ಅಲ್ವಾ?

"ನಿಂತಾಗ ನಡುಗುತ್ತೆ ಯಜಮಾನ್ರೇ. ಸಿಗ್ನಲ್‌ನಲ್ಲಿ ಸ್ಟೀರಿಂಗೆಲ್ಲಾ ಅದುರುತ್ತೆ. ಓಡ್ತಾ ಇದ್ರೆ ಏನೂ ಇಲ್ಲ" ಅಂದೆ.

"ಹಂಗಿದ್ರೆ ಎಲ್ಲೋ ಗಾಳಿ ಎಳೀತಾ ಇದೆ. ನೋಡಣ."

ಇಂಜಿನ್ ಐಡ್ಲಿಂಗ್‌ನಲ್ಲಿ ಬಿಟ್ಟು, ಅಂದರೆ ಆಕ್ಸಿಲರೇಟರ್ ಒತ್ತದೆ ಓಡಲು ಬಿಟ್ಟು, ಪ್ಲಗ್ ವೈರುಗಳನ್ನು ಒಂದೊಂದಾಗಿ ಕಿತ್ತು ಕಿತ್ತು ಹಾಕಿದರು. ನಾಲ್ಕನೆಯದು, ಮೂರನೆಯದು ಕಿತ್ತಾಗ ಇಂಜಿನ್ ಸದ್ದು ಕುಸಿಯಿತು. ಎರಡು, ಒಂದು ಕಿತ್ತಾಗ ಹೆಚ್ಚು ವ್ಯತ್ಯಾಸವೇ ಆಗಲಿಲ್ಲ. ಅಂದರೆ ಆ ಎರಡು ಸಿಲಿಂಡರ್ ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ. ಈ ಇಂಜಿನ್ನಿನ ಹೆಡ್ಡಿನಲ್ಲಿ, ಅಂದರೆ ಸಿಲಿಂಡರುಗಳ ಮೇಲಿನ ಮುಚ್ಚಳದಲ್ಲಿ, ಒಂದು ಮತ್ತು ಎರಡಕ್ಕೆ ಪೆಟ್ರೋಲ್-ಗಾಳಿ ಬರುವ ದಾರಿ ಒಂದೇ. ಮೂರು ಮತ್ತು ನಾಲ್ಕಕ್ಕೆ ಇನ್ನೊಂದು. ಅಕ್ಕಪಕ್ಕದ ಎರಡು ಒಟ್ಟಿಗೆ ಸೋತರೆ ಹೆಡ್ಡಿನ ಕೆಳಗೆ ಕೂರುವ ಹೆಡ್ ಗ್ಯಾಸ್ಕೆಟ್ ಮೇಲೂ ಅನುಮಾನ ಬರುತ್ತದೆ. ಸಿಲಿಂಡರಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ಹಾಕಿ ನೋಡಿದರು. ನಾಲ್ಕೂ ಹೆಚ್ಚುಕಮ್ಮಿ ಒಂದೇ ಇತ್ತು, ಅಂದರೆ ಗ್ಯಾಸ್ಕೆಟ್ ಅಲ್ಲ. ಉಳಿದದ್ದು ಮ್ಯಾನಿಫೋಲ್ಡ್, ಕಾರ್ಬುರೇಟರಿನಿಂದ ಹೆಡ್ಡಿಗೆ ಪೆಟ್ರೋಲ್-ಗಾಳಿ ಒಯ್ಯುವ ಕೊಳವೆ.

ಮ್ಯಾನಿಫೋಲ್ಡ್ ಕೂರುವ ಜಾಗಕ್ಕೆ ಸೋಪಿನ ನೀರು ಚಿಮುಕಿಸಿದರು. ಮುಂದಿನ ತುದಿಗೆ ನೀರು ಬಿದ್ದು ಸಂದಿ ಒಂದು ಕ್ಷಣ ಮುಚ್ಚಿದಾಗ ಇಂಜಿನ್ ಸದ್ದು ಬದಲಾಯಿತು. "ಕೇಳಿಸ್ತಾ?" ಅಂತ ಪಕ್ಕದಲ್ಲಿದ್ದ ಕಲಿಯುವ ಹುಡುಗನನ್ನು ಕೇಳಿದರು. ಅವನು ಇಲ್ಲವೆಂದ. ಮತ್ತೆ ಚಿಮುಕಿಸಿದರು. ಅವನು ತಲೆಯಾಡಿಸುವವರೆಗೂ ಬಿಡಲಿಲ್ಲ. ಅಲ್ಲಿ ಪ್ಯಾಕಿಂಗ್ ಹೋಗಿತ್ತು.

ಓಡುವಾಗ ಯಾಕೆ ಸರಿಯಿತ್ತು ಅನ್ನುವುದು ಆಗ ಅರ್ಥವಾಯಿತು. ಐಡ್ಲಿಂಗ್‌ನಲ್ಲಿ ಗಾಳಿಯ ದಾರಿಗೆ ಬಾಗಿಲಾದ ಥ್ರಾಟಲ್ ಬಹುತೇಕ ಮುಚ್ಚಿರುತ್ತದೆ. ಇಂಜಿನ್ ಒಳಗೆ ಎಳೆಯುವ ಗಾಳಿಯೇ ಕಮ್ಮಿ. ಆಗ ಸಣ್ಣ ಸಂದಿಯಿಂದ ನುಗ್ಗಿದ ಗಾಳಿಯೂ ಮಿಶ್ರಣವನ್ನು ಕೆಡಿಸುತ್ತದೆ. ಆಕ್ಸಿಲರೇಟರ್ ಒತ್ತಿದರೆ ಒಳಹೋಗುವ ಗಾಳಿ ಎಷ್ಟೋ ಪಟ್ಟು ಜಾಸ್ತಿ, ಆ ಸೋರಿಕೆ ಲೆಕ್ಕಕ್ಕೇ ಬರುವುದಿಲ್ಲ. ಅವರ ಒಂದು ಪ್ರಶ್ನೆಗೆ ನಾನು ಕೊಟ್ಟ ಉತ್ತರದಲ್ಲೇ ಇದೆಲ್ಲಾ ಇತ್ತು.

ಈಗಿನ ಕಾರುಗಳಿಗೆ ಸ್ಕ್ಯಾನರ್ ಇದೆ, ಇಂಥವರು ಯಾಕೆ ಬೇಕು ಅನ್ನುತ್ತಾರೆ. ಆದರೆ ಆ ಸ್ಕ್ಯಾನರ್ ಓದುವ ಕಾರಿನ ಕಂಪ್ಯೂಟರ್ ಕೂಡ ದೋಷ ಕಂಡ ಕ್ಷಣದಲ್ಲಿ ಇಂಜಿನ್ ಎಷ್ಟು ಬಿಸಿ ಇತ್ತು, ಎಷ್ಟು ವೇಗವಾಗಿ ತಿರುಗುತ್ತಿತ್ತು ಅಂತ ಬರೆದಿಟ್ಟುಕೊಳ್ಳುತ್ತದೆ. ಅದಕ್ಕೂ 'ಯಾವಾಗ' ಬೇಕೇ ಬೇಕು.

ನನಗೆ ಸಿಟ್ಟು ಬರುವುದು ಇನ್ನೊಂದಕ್ಕೆ. ನಮ್ಮಲ್ಲಿ ಬಿಡಿಭಾಗಕ್ಕೆ ಬಿಲ್ ಇದೆ, ಕೇಳಿದ್ದಕ್ಕೆ ಬಿಲ್ ಇಲ್ಲ. ಕಾರ್ಬುರೇಟರ್ ಕಿಟ್ಟಿಗೆ ಮಾತಾಡದೆ ದುಡ್ಡು ಕೊಡುವ ಜನ, ಅರ್ಧ ಗಂಟೆ ನಿಂತು ಕೇಳಿಸಿಕೊಂಡವರ ಕೂಲಿಗೆ ಚೌಕಾಸಿ ಮಾಡುತ್ತಾರೆ. ಹಾಗಿದ್ದ ಮೇಲೆ ಹುಡುಗರು ಏನು ಕಲಿಯುತ್ತಾರೆ? ಬದಲಾಯಿಸುವುದನ್ನೇ ಕಲಿಯುತ್ತಾರೆ. ಶಾಲೆಯಲ್ಲೂ ಇದೇ ಆಗಿದೆ. ಮಗುವಿಗೆ ಮಾರ್ಕ್ಸ್ ಕಮ್ಮಿ ಬಂದರೆ ಟ್ಯೂಷನ್ ಬದಲಾಯಿಸುತ್ತಾರೆ. ಯಾವ ಲೆಕ್ಕದಲ್ಲಿ ತಡವರಿಸಿದೆ ಅಂತ ಮಗುವನ್ನು ಕೂರಿಸಿಕೊಂಡು ಕೇಳುವವರು ಕಮ್ಮಿ.

ಅಂಬಾಸಿಡರ್ ತಯಾರಿಕೆ 2014ರಲ್ಲೇ ನಿಂತಿತು. ಹುಡುಕಿದರೆ ಬಿಡಿಭಾಗ ಹೇಗೋ ಸಿಗುತ್ತದೆ. ಆ ಕಿವಿ ಇರುವವರು ಸಿಗುವುದೇ ಕಷ್ಟ. ಅವರು ಕೇಳಿದ ಕೂಲಿಗಿಂತ ಜಾಸ್ತಿ ಕೊಟ್ಟೆ. ಬೇಡ ಅಂದರು, ಒತ್ತಾಯಿಸಿ ಕೊಟ್ಟೆ. ಮುಂದಿನ ವಾರ ಟ್ಯಾಪೆಟ್ ಅಡ್ಜಸ್ಟ್, ಅಂದರೆ ವಾಲ್ವುಗಳ ಸಂದಿ ಸರಿ ಮಾಡಬೇಕಂತೆ. ಅದನ್ನು ಆ ಹುಡುಗನ ಕೈಯಲ್ಲೇ ಮಾಡಿಸುತ್ತಾರಂತೆ.